ಆಯಿ ಮಲಗಿದ್ದ ಐದು ದಿನ

22 ವರ್ಷ ನಡೆಸಿದ ಹಾರ್ಡ್‌ವೇರ್ ಅಂಗಡಿಯ ಶಟರ್ ಎಳೆದು ಆರು ತಿಂಗಳಾಗಿತ್ತು. ರಾತ್ರಿ ಎರಡಕ್ಕೆ ಎಚ್ಚರಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಓಣಿಯ ಜನ ಇನ್ನೂ ‘ಸಾವಕಾರ್ರ’ ಅಂತಲೇ ಕರೆಯುತ್ತಿದ್ದರು. ನನಗೋ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುವ ಹಾಗಾಗುತ್ತಿತ್ತು. ಅಂಗಡಿ ಇಲ್ಲದ ನಾನು ಯಾರು ಅಂತ ಹುಡುಕಲು ಹೊಂಟೀನಿ ಅಂದರೆ ಮನೆಯವರು ನಕ್ಕಾರು. ‘ಅವ್ವನ ಹರಕಿ ಉಳದದ’ ಅಂದೆ. ಅವ್ವನ ಕವಡೆ ಸರ ಜೇಬಿಗೆ ಹಾಕಿಕೊಂಡು, ದಸರೆಯ ಮರುದಿನ ನಸುಕಿನಲ್ಲಿ ಸೀಗೆ ಹುಣ್ಣಿಮೆಗೆ ಹೊರಟ ಗುಂಪಿನ ಜತೆ ಕಲಬುರಗಿಯಿಂದ ಮಹಾರಾಷ್ಟ್ರದಲ್ಲಿರುವ ಅಂಬಾಭವಾನಿಯ ತುಳಜಾಪುರದ ಹಾದಿ ಹಿಡಿದೆ. 150 ಕಿ.ಮೀ. ಆಸುಪಾಸು, ಐದು ದಿನ.

ಎರಡು ದಿನ ಮುಂಚೆ ಹೊಸ ಬೂಟು ಕೊಂಡಿದ್ದೆ. ಇಂಥ ದಡ್ಡತನ ಯಾರೂ ಮಾಡಬೇಡಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಕಾಣುವಷ್ಟರಲ್ಲಿ ಎಡಗಾಲ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಗುಂಪಿನ ದೊಡ್ಡವ್ವ ಒಬ್ಬಳು ಸೂಜಿಯನ್ನು ದೀಪದಲ್ಲಿ ಕಾಯಿಸಿ ಬದಿಗೆ ಚುಚ್ಚಿ ನೀರು ತೆಗೆದಳು. ಮೇಲಿನ ಚರ್ಮ ಕೀಳಲು ಬಿಡಲಿಲ್ಲ. ಮುಂದಿನ ಹಾದಿಯೆಲ್ಲ ಹಳೇ ಚಪ್ಪಲಿ. ಅವಳಂತೂ ಬರಿಗಾಲಲ್ಲೇ ಇದ್ದಳು.

ನಸುಕಿನ ನಾಲ್ಕಕ್ಕೆ ಹೊರಟರೆ ಹತ್ತರೊಳಗೆ ಮುಕ್ಕಾಲು ದಾರಿ ಮುಗಿಸಬೇಕು. ದಸರೆ ಮುಗಿದರೂ ನಮ್ಮ ಕಡೆಯ ಬಿಸಿಲು ಮುಗಿದಿರುವುದಿಲ್ಲ. ಬರೀ ನೀರು ಕುಡಿದರೆ ಕಾಲು ಸೆಟೆಯುತ್ತವೆ, ಉಪ್ಪು-ಸಕ್ಕರೆ-ನಿಂಬೆ ಇರಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಐದು ದಿನವೂ ಕೆಡಲಿಲ್ಲ. ಕತ್ತಲಲ್ಲಿ ರಸ್ತೆಯ ಬಲಕ್ಕೇ ನಡೆಯಿರಿ, ಎದುರು ಬರುವ ಲಾರಿ ಕಾಣುತ್ತದೆ.

ಆತ್ಮಶೋಧನೆ? ಆಳಂದ ದಾಟುವವರೆಗೆ ನನ್ನ ಆತ್ಮವೆಲ್ಲ ಹಿಮ್ಮಡಿಯಲ್ಲೇ ಇತ್ತು. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು, ಹಾದಿಯ ಮಾತೆಲ್ಲ ಅದರ ರೇಟಿನದೇ. 2019ರಲ್ಲಿ ನಮ್ಮ ತೊಗರಿಗೆ ಈ ನೆಲದ ಬೆಳೆ ಎಂಬ ಜಿಐ ಗುರುತು ಬಂತಲ್ಲ, ‘ಅದನ್ನ ಹಚ್ಕೊಂಡು ಏನ್ ರೊಟ್ಟಿ ತಿನ್ಲಿ?’ ಅಂದ ಚಹಾ ಕೊಟ್ಟ ರೈತ. ಯಾರೂ ನನ್ನ ಹೆಸರು ಕೇಳಲಿಲ್ಲ, ಕಸುಬು ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ‘ಯಾವೂರ್ರಿ?’ ಖಜೂರಿ ದಾಟಿದ ಮೇಲೆ ಬೋರ್ಡುಗಳು ಮರಾಠಿಯಾದವು. ಪ್ರಶ್ನೆ ಮಾತ್ರ ಕನ್ನಡದಲ್ಲೇ ಬಂತು.

ಮೂರನೇ ದಿನ ಕಾಲು ತುಸು ಸುಧಾರಿಸಿತ್ತು. ಅಂಗಡಿ ಚಾಳಿ ನೋಡಿ, ದಿನದ ಲೆಕ್ಕ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಬಿರಬಿರನೆ ಹೊರಟೆ. ಹಿಂದಿನಿಂದ ದೊಡ್ಡವ್ವ ಕೂಗಿದಳು:

‘ಎಲ್ಲಿಗಿ ಓಡ್ಲಕತ್ತೀಯೋ ತಮ್ಮಾ? ಆಯಿ ಇನ್ನಾ ಮಲಗ್ಯಾಳ. ಮೊದ್ಲೇ ಹೋಗಿ ಬಾಗ್ಲಾ ಬಡೀತಿ ಏನ್?’

ಅಂಬಾಭವಾನಿ ಮಲಗುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವ್ವ ಹೇಳಿರಬೇಕು, ನಾನು ಬಿಲ್ಲು ಬರೆಯುತ್ತ ಹೂಂ ಅಂದಿರಬೇಕು. ಒಂಬತ್ತು ದಿನ ಮಹಿಷನೊಂದಿಗೆ ಕಾದಾಡಿ ದಣಿದವಳನ್ನು ದಸರೆಯ ಸೀಮೋಲ್ಲಂಘನ ಮುಗಿಸಿ ಮಂಚದ ಮೇಲೆ ಮಲಗಿಸುತ್ತಾರೆ. ಅದಕ್ಕೆ ಶ್ರಮನಿದ್ರೆ ಎಂದು ಹೆಸರು. ಅವಳದು ಕದಲಿಸಲು ಬರುವ ಚಲಮೂರ್ತಿ. ಹುಣ್ಣಿಮೆಗೆ ಮತ್ತೆ ಸಿಂಹಾಸನಕ್ಕೆ ಕೂರಿಸುತ್ತಾರೆ. ವರ್ಷಕ್ಕೆ ಮೂರು ಸಲ ಹೀಗೆ ಮಲಗುವುದುಂಟಂತೆ. ಅಂದರೆ ನಾವು ನಡೆದ ಅಷ್ಟೂ ದಿನ ಅವಳು ನಿದ್ದೆಯಲ್ಲಿದ್ದಳು. ಕೆಲಸ ಮುಗಿಸಿ ಮಲಗಿದವಳನ್ನು ‘ಈಗ ನೀ ಯಾರು’ ಎಂದು ಯಾರೂ ಕೇಳಿರಲಿಲ್ಲ.

ಆ ದಿನ ದೊಡ್ಡವ್ವನ ಹಿಂದೆಯೇ ನಡೆದೆ, ಅವಳ ಹೆಜ್ಜೆಗೆ ಹೆಜ್ಜೆ. ನಾಲ್ಕನೇ ರಾತ್ರಿ ನಳದುರ್ಗದಲ್ಲಿ ಒಂದು ಶಾಲೆಯ ಪಡಸಾಲೆಯಲ್ಲಿ ಅಡ್ಡಾದೆವು. ಬೋರಿ ನದಿಗೆ ಅಡ್ಡ ಕಟ್ಟಿದ ಕೋಟೆಯ ಪಾನಿ ಮಹಲ್ ನೋಡಬೇಕೆಂದಿದ್ದೆ, ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಮೈಮೇಲೆ ಬಿದ್ದಿತ್ತು. ಗುಂಪು ಮುಂದೆ ಹೋಗಿತ್ತು. ತಲೆದಿಂಬಿನ ಹತ್ತಿರ ಅರಿವೆಯಲ್ಲಿ ಕಟ್ಟಿದ ಎರಡು ರೊಟ್ಟಿ.

ತುಳಜಾಪುರದಲ್ಲಿ ‘ಆಯಿ ರಾಜಾ ಉದೋ ಉದೋ’ ಅನ್ನುವವರ ನಡುವೆ ಗೋಮುಖ ತೀರ್ಥದಲ್ಲಿ ಮುಖ ತೊಳೆದೆ. ಪಾಳಿಯಲ್ಲಿ ತಾಸುಗಟ್ಟಲೆ ನಿಂತು ಒಂದು ಕ್ಷಣ ನೋಡಿದೆ. ಈಗಷ್ಟೇ ಎದ್ದವಳ ಮುಖ.

ಮರಳುವಾಗ, ನಡೆದ ಹಾದಿಯನ್ನೆಲ್ಲ ಬಸ್ಸಿನಿಂದ ನೋಡಬೇಕೆಂದು ಕಿಟಕಿ ಸೀಟು ಹಿಡಿದಿದ್ದೆ. ನಳದುರ್ಗದವರೆಗೆ ನೆನಪಿದೆ.

‘ಏಳ್ರಿ ಕಾಕಾ, ಕಲಬುರಗಿ ಬಂತು’ ಅಂತ ಕಂಡಕ್ಟರ್ ಭುಜ ಅಲ್ಲಾಡಿಸುತ್ತಿದ್ದ.