ಸೈನಿಕರು ಸಿಗುತ್ತಾರೆ, ಹಳ್ಳಿಯ ಜನ ಎಲ್ಲಿ? ಚೀನಾ ಮತ್ತು ಅಲೆಮಾರಿಗಳ ವಾರ್‌ಗೇಮ್‌ಗೆ ಮಿನಿಯೇಚರ್ ಹುಡುಕುವ ಬಗೆ

ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಹಳೆಯ ಯುದ್ಧಗಳನ್ನು ಆಡುವುದೇ ವಾರ್‌ಗೇಮ್, ಆ ಗೊಂಬೆಗಳೇ ಮಿನಿಯೇಚರ್ ಅಥವಾ ಫಿಗರ್. ಹಾನ್ ರಾಜವಂಶದ ಕಾಲದ ಚೀನೀ ಸೈನಿಕರು, ಉತ್ತರದ ಅಲೆಮಾರಿಗಳಾದ ಶಿಯೋಂಗ್ನು ಸವಾರರು, ಮಂಗೋಲರು, ಇವರನ್ನು ಹುಡುಕೋದು ದೊಡ್ಡ ವಿಷಯವಲ್ಲ. ರೈತ, ವ್ಯಾಪಾರಿ, ಮಗು ಎತ್ತಿಕೊಂಡ ಹೆಂಗಸು, ಕುರಿ ಕಾಯುವ ಹುಡುಗ ಬೇಕು ಅಂದಾಗ ಕಷ್ಟ ಶುರು. ಆದರೆ ಈ ಯುದ್ಧಗಳು ನಡೆದದ್ದೇ ಇವರ ಸುತ್ತ ಅಲ್ವಾ? ಅಲೆಮಾರಿಗಳು ಗಡಿ ಹಳ್ಳಿಗೆ ನುಗ್ಗಿದ್ದು ಜನ, ದನ, ಧಾನ್ಯಕ್ಕಾಗಿ. ಹಾನ್ ಸೇನೆ ತಿರುಗಿ ಹೋದಾಗ ಹುಡುಕಿದ್ದೂ ಅವರ ಬಿಡಾರ, ಮಂದೆಗಳನ್ನೇ, ಕ್ರಿ.ಪೂ. 127ರಲ್ಲಿ ಸೇನಾಪತಿ ವೇ ಚಿಂಗ್ ಹಳದಿ ನದಿಯ ತಿರುವಿನ ಓರ್ಡೋಸ್ ಪ್ರದೇಶ ಗೆದ್ದಾಗ ಭಾರೀ ಮಂದೆಗಳೂ ಕೈಗೆ ಬಂದವು. ಹಾಗಾಗಿ ಮೇಜಿನ ಮೇಲೆ ಇವರಿಲ್ಲದಿದ್ದರೆ ದಾಳಿಯ ಆಟಕ್ಕೆ ಅರ್ಥವೇ ಇಲ್ಲ.

ಮೊದಲು ಕಾಲ ತೀರ್ಮಾನಿಸಿ, ಆಮೇಲೆ ಅಂಗಡಿ. ‘ಚೀನೀ ನಾಗರಿಕರು’ ಅಂತ ಹುಡುಕಿದರೆ ಸಿಗುವ ಫಿಗರ್‌ಗಳಲ್ಲಿ ಹೆಚ್ಚಿನವು 19ನೇ ಶತಮಾನದ ಕೊನೆಯವು ಅಥವಾ 20ರ ಆರಂಭದವು. ಗುರುತು ಸುಲಭ: ಮುಂದಲೆ ಬೋಳಿಸಿ ಹಿಂದೆ ಉದ್ದ ಜಡೆ. ಆ ಜಡೆಯನ್ನು ಚೀನೀಯರ ಮೇಲೆ ಹೇರಿದ್ದು ಮಂಚೂ ಅರಸರು, 1645ರಲ್ಲಿ. ಅದಕ್ಕೂ ಮೊದಲಿನ ಹಾನ್, ಟಾಂಗ್, ಸೋಂಗ್ ರಾಜವಂಶಗಳ ಕಾಲಕ್ಕೆ ಅದು ಬರಲೇಬಾರದು. ಹಾಗಂತ ಆ ಫಿಗರ್ ಬಿಡಬೇಕಿಲ್ಲ. ಉದ್ದ ನಿಲುವಂಗಿ ಇರುವವನನ್ನೇ ಆರಿಸಿ, ಜಡೆಯನ್ನು ಚಾಕುವಿನಿಂದ ಕೆತ್ತಿ ಅರದಿಂದ ನುಣ್ಣಗೆ ಮಾಡಿ, ಕಲಸಿಟ್ಟರೆ ಗಟ್ಟಿಯಾಗುವ ಗ್ರೀನ್ ಸ್ಟಫ್ ಎಂಬ ಪುಟ್ಟಿಯ ಸಾಸಿವೆ ಗಾತ್ರದ ಉಂಡೆಯನ್ನು ನೆತ್ತಿಗೆ ಅಂಟಿಸಿ ತುರುಬು ಮಾಡಿ. ಬೋಳು ಹಣೆಯ ಮೇಲೂ ತೆಳ್ಳಗೆ ಪುಟ್ಟಿ ಎಳೆದು ಸೂಜಿಯಿಂದ ಕೂದಲು ಗೀರಿ. ಅಗಲ ಹುಲ್ಲಿನ ಟೋಪಿ ಇದ್ದವನಿಗೆ ಜಡೆ ಕಿತ್ತರೆ ಸಾಕು, ರೈತ ರೆಡಿ.

ಇನ್ನು ಅಂಗಿಯ ಮಡಿಕೆ. ಚೀನೀ ನಿಲುವಂಗಿಯಲ್ಲಿ ಎಡ ಅಂಚು ಬಲದ ಮೇಲೆ ಬರುತ್ತದೆ. ಎದುರಿನಿಂದ ನೋಡಿದರೆ ಇಂಗ್ಲಿಷಿನ ಸಣ್ಣ ವೈ ಅಕ್ಷರದ ಹಾಗೆ. ಉತ್ತರದ ಅಲೆಮಾರಿಗಳು ಇದನ್ನು ಉಲ್ಟಾ ಕಟ್ಟುತ್ತಾರೆ ಅಂತ ಕನ್‌ಫ್ಯೂಷಿಯಸ್ ಕಾಲದಿಂದಲೂ ಚೀನೀಯರು ಮೂಗು ಮುರಿದಿದ್ದಾರೆ. ಮಂಗೋಲರು ಮಾತ್ರ ಚೀನೀಯರ ಹಾಗೆ ಬಲಕ್ಕೇ ಕಟ್ಟುತ್ತಿದ್ದರು. 28 ಎಂಎಂ ಎತ್ತರದ ಫಿಗರ್‌ನಲ್ಲಿ ಕಡು ಬಣ್ಣದ ಒಂದು ಗೆರೆ ಎಳೆದರೆ ಇದು ಚೆನ್ನಾಗಿ ಕಾಣುತ್ತದೆ. 6 ಎಂಎಂನಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲಿ ಹುಡುಕಬೇಕು? ಸೈನಿಕರ ಪಟ್ಟಿ ಬಿಟ್ಟು ಸಾಮಾನು ಸಾಗಿಸುವವರು, ಬಿಡಾರ, ಗಾಡಿ, ಜಾನುವಾರು ಅಂತ ಇರುವ ಕಡೆ ನೋಡಿ. 15 ಎಂಎಂಗೆ ಎಸೆಕ್ಸ್ ಮಿನಿಯೇಚರ್ಸ್ ಕಂಪನಿಯಿಂದ ಶುರು ಮಾಡಿ. ಪ್ರಾಣಿಗಳಿಗೆ ಇರ‍್ರೆಗ್ಯುಲರ್ ಮಿನಿಯೇಚರ್ಸ್ ನನ್ನ ಮೊದಲ ಆಯ್ಕೆ, ಹಲವು ಸ್ಕೇಲ್‌ಗಳಲ್ಲಿ ಮಾಡುತ್ತಾರೆ. 28 ಎಂಎಂನಲ್ಲಿ ಕಾಪಲ್‌ಸ್ಟೋನ್‌ನ ‘ಬ್ಯಾಕ್ ಆಫ್ ಬಿಯಾಂಡ್’ ಸಾಲು 20ನೇ ಶತಮಾನದ ಆರಂಭದ್ದು. ಆದರೂ ಅಲ್ಲಿನ ಮಂಗೋಲರನ್ನು ನೋಡಿ, ಬಂದೂಕು ತೆಗೆದು ಕೈಗೆ ಕೋಲು ಕೊಟ್ಟರೆ ದನಗಾಹಿ ಆಗುತ್ತಾನೆ. 1/72 ಸ್ಕೇಲ್‌ನಲ್ಲಿ, ಅಂದರೆ ನಿಜ ಗಾತ್ರದ 72ರಲ್ಲಿ ಒಂದು ಪಾಲಿನಲ್ಲಿ, ಸೀಸರ್ ಕಂಪನಿಯ ಚಿನ್ (ಹಾನ್‌ಗೂ ಮೊದಲಿನ ರಾಜವಂಶ) ಮತ್ತು ಹಾನ್ ಸೆಟ್‌ಗಳಿವೆ. ಅವು ಸೈನಿಕರದ್ದೇ, ಆದರೆ ಪ್ಲಾಸ್ಟಿಕ್ ಆದ್ದರಿಂದ ಕತ್ತರಿಸೋದು ಸಲೀಸು. ರಕ್ಷಾಕವಚ ಇಲ್ಲದವನನ್ನು ಆರಿಸಿ ಆಯುಧದ ಜಾಗದಲ್ಲಿ ಗುದ್ದಲಿ ಇಡಿ. ರೈಲ್ವೆ ಮಾಡೆಲ್‌ಗಾಗಿ ಪ್ರೈಸರ್ ಮಾಡುವ 1/87 ಕುರಿ ದನಗಳೂ ಇವುಗಳ ಪಕ್ಕ ನಡೆಯುತ್ತವೆ. ಕುರಿಗೆ ಹಿಂದೆ ಚೂರು ಪುಟ್ಟಿ ಒತ್ತಿ ಬಾಲ ದಪ್ಪ ಮಾಡಿದರೆ ಮಧ್ಯ ಏಷ್ಯಾದ ತಳಿ. ಒಂಟೆಗೆ ಎರಡು ಡುಬ್ಬ ಇರಲೇಬೇಕು.

ಅಲೆಮಾರಿಗಳ ಗಾಡಿಗೆ ಸ್ವಲ್ಪ ಹಣ ಜಾಸ್ತಿ ಹಾಕಿ ಅಂತ ನನ್ನ ಸಲಹೆ. 1253ರಲ್ಲಿ ಮಂಗೋಲರ ನಾಡಿಗೆ ಹೊರಟ ಯುರೋಪಿನ ಪಾದ್ರಿ ರುಬ್ರಕ್‌ನ ವಿಲಿಯಂ, ಗುಡಾರವನ್ನೇ ಹೊತ್ತ ಒಂದು ಗಾಡಿಗೆ 22 ಎತ್ತು ಕಟ್ಟಿದ್ದನ್ನು ಎಣಿಸಿ ಬರೆದಿದ್ದಾನೆ. ನಮಗೆ ನಾಲ್ಕು ಎತ್ತು ಸಾಕು, ಆದರೆ ಅಂಥದ್ದೊಂದು ಮೇಜಿನ ಮೇಲೆ ಇದ್ದರೆ ಇಡೀ ಬಿಡಾರಕ್ಕೆ ಕಳೆ ಬರುತ್ತದೆ.

ಬಣ್ಣ, ಬಟ್ಟೆಗೆ ಆ ಕಾಲದ ಚಿತ್ರಗಳನ್ನೇ ನೋಡಿ. ಗನ್ಸು ಪ್ರಾಂತ್ಯದ ಜಿಯಾಯುಗ್ವಾನ್ ಹತ್ತಿರದ ಗೋರಿಗಳ ಇಟ್ಟಿಗೆಗಳಲ್ಲಿ ಉಳುವವರು, ದನ ಕಾಯುವವರು, ಅಡುಗೆ ಮಾಡುವವರು ಎಲ್ಲ ಇದ್ದಾರೆ. ಹಾನ್ ನಂತರದ ಗಡಿ ಹಳ್ಳಿಗೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. ಸೋಂಗ್ ಪೇಟೆಗೆ ಚಾಂಗ್ ತ್ಸೆತ್ವಾನ್ ಬರೆದ ‘ಚಿಂಗ್‌ಮಿಂಗ್’ ಸುರುಳಿ ಚಿತ್ರ. ಶಿಯೋಂಗ್ನುಗಳ ಸೆರೆಯಾಗಿದ್ದ ಕವಯಿತ್ರಿ ತ್ಸಾಯ್ ವೆನ್‌ಜಿಯ ಸುರುಳಿ ಚಿತ್ರಗಳಲ್ಲಿ ಬಿಡಾರ ಸೊಗಸಾಗಿದೆ. ಆದರೆ ಬಟ್ಟೆ ಸೋಂಗ್ ಕಾಲದ ಖಿತಾನರೆಂಬ ಉತ್ತರದ ಅಲೆಮಾರಿಗಳದ್ದು, ಖಿತಾನರಿಗೇ ಬಳಸಿ.

ಇಷ್ಟೆಲ್ಲ ಹುಡುಕಿಯೂ ಹೆಂಗಸರು, ಮಕ್ಕಳು ಸಿಗದಿದ್ದರೆ ತ್ರೀಡಿ ಪ್ರಿಂಟ್ ಇದೆ. 28 ಎಂಎಂ ಫೈಲನ್ನು ಶೇಕಡಾ 54ಕ್ಕೆ ಇಳಿಸಿದರೆ 15 ಎಂಎಂ. ಇಳಿಸಿದಾಗ ಕೋಲು, ಬೆರಳು ತೀರಾ ತೆಳ್ಳಗಾಗಿ ಮುರಿಯುತ್ತವೆ, ಕೋಲಿನ ಬದಲು ಹಿತ್ತಾಳೆ ತಂತಿ ಹಾಕಿ. ಹೊರದೇಶದಿಂದ ಲೋಹದ ಫಿಗರ್ ತರಿಸುವುದಾದರೆ ಅಂಚೆ ಮತ್ತು ಕಸ್ಟಮ್ಸ್ ಖರ್ಚನ್ನು ಮೊದಲೇ ಲೆಕ್ಕ ಹಾಕಿ, ಗೆಳೆಯರ ಜೊತೆ ಸೇರಿ ಒಂದೇ ಆರ್ಡರ್ ಮಾಡಿ.