ಜಾಲತಾಣದಲ್ಲಿ ಫೋನ್ ಸಂಖ್ಯೆ ಸಿಗದಿದ್ದಾಗ: ನನ್ನ ಅನುಭವ

ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಘಟಕದ ಜಾಲತಾಣವನ್ನು ಮೊಬೈಲ್‌ನಲ್ಲಿ ತೆರೆದ ಸಗಟು ವ್ಯಾಪಾರಿಗಳಿಗೆ ಫೋನ್ ಸಂಖ್ಯೆ ಸಿಗುತ್ತಿರಲಿಲ್ಲ. ಅದು ಪುಟದ ತಳದ ಬ್ಯಾನರ್ ಚಿತ್ರದೊಳಗೆ ಸೇರಿಹೋಗಿತ್ತು. ಚಿತ್ರವನ್ನು ದೊಡ್ಡದು ಮಾಡಿದ್ದರಿಂದ ಪ್ರಯೋಜನವಾಗಲಿಲ್ಲ. ವಿಚಾರಣೆಯ ಫಾರಂ ಸೇರಿಸಿದರೆ ಅದರ ಸಂದೇಶಗಳು ಸ್ಪ್ಯಾಮ್‌ಗೆ ಹೋದವು.

ಕೊನೆಗೆ ಚಿತ್ರವನ್ನು ತೆಗೆದು, ಎಲ್ಲ ಪುಟಗಳಿಗೂ ಸಾಮಾನ್ಯವಾದ ಹೆಡರ್‌ನಲ್ಲಿ (ಪುಟದ ಮೇಲ್ತುದಿಯ ಪಟ್ಟಿ) ಸಂಖ್ಯೆಯನ್ನು ಪಠ್ಯವಾಗಿಯೇ ಟೈಪಿಸಿ, ಒತ್ತಿದೊಡನೆ ಕರೆ ಹೋಗುವಂತೆ ಅದಕ್ಕೆ ‘ಟೆಲ್’ ಲಿಂಕ್ ಜೋಡಿಸಿದೆ. ಹೆಚ್ಚು ಗಮನ ಬೇಕಾದದ್ದು ಇಲ್ಲಿಯೇ: ಸ್ಥಿರ ದೂರವಾಣಿಯ ಸಂಖ್ಯೆಯನ್ನು ಪುಟದಲ್ಲಿ ಬಳ್ಳಾರಿಯ ಎಸ್‌ಟಿಡಿ ಕೋಡ್ 08392ರೊಂದಿಗೆ ತೋರಿಸಬಹುದಾದರೂ, ಲಿಂಕ್‌ನೊಳಗೆ ಮೊದಲ ಸೊನ್ನೆಯನ್ನು ಬಿಟ್ಟು +918392 ಎಂದು ಆರಂಭಿಸಿ, ಉಳಿದ ಆರು ಅಂಕಿಗಳನ್ನು ನಡುವೆ ಜಾಗವಿಲ್ಲದೆ ಬರೆಯಬೇಕು. ವಾಟ್ಸ್‌ಆ್ಯಪ್ ಲಿಂಕ್‌ನಲ್ಲಿ ಕೂಡುವ ಚಿಹ್ನೆಯೂ ಇರಬಾರದು. ಅದು 91ರಿಂದಲೇ ಆರಂಭವಾಗಬೇಕು. ವಿಳಾಸ ಮತ್ತು ಕೆಲಸದ ವೇಳೆಗೆ ಪುಟದ ತಳದ ಫೂಟರ್ ಸಾಕಾಯಿತು.