ನಿಕೋಟಿನ್ ಸೊನ್ನೆ ಸರಿ, ಬಾಟಲಿಯಲ್ಲಿ ಉಳಿದದ್ದೇನು?

ಅಣ್ಣನ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ದೀಪಾವಳಿ ದಿನ ವಿಡಿಯೊ ಕಾಲ್ ಮಾಡಿದಾಗ ಅವನ ಅಡುಗೆಮನೆ ಕಟ್ಟೆಯ ಮೇಲೆ ಅಕ್ಕಸಾಲಿಗರ ಹತ್ತಿರ ಇರುವಂಥ ಪುಟ್ಟ ತಕ್ಕಡಿ ಕಂಡಿತು. ಪಕ್ಕದಲ್ಲಿ ನಾಲ್ಕೈದು ಬಾಟಲಿ.

‘ಏನೋ ಅದು, ಅತ್ತರದ ಅಂಗಡಿ ತೆಗೆದಿಯೇನು?’ ಅಂದೆ.

‘ಇಲ್ರಿ ಕಾಕಾ, ವೇಪ್ ಲಿಕ್ವಿಡ್. ನಾನ ಕಲಸ್ತೀನಿ. ಇದರಾಗ ನಿಕೋಟಿನ್ ಇಲ್ರಿ.’

ವೇಪ್ ಅಂದರೆ ಇ-ಸಿಗರೇಟು, ಅದರಲ್ಲಿ ಬಿಸಿಯಾಗಿ ಆವಿಯಾಗುವ ದ್ರವ ಇದು. ಬೆಳಗಾವಿ ತಿಳಕವಾಡಿಯ ಮನೆಯಲ್ಲಿ ಚಕ್ಕುಲಿ ತಿನ್ನುತ್ತಾ ಅರ್ಧ ಗಂಟೆ ಅವನನ್ನು ಪ್ರಶ್ನೆ ಕೇಳಿದೆ. ನಿಕೋಟಿನ್ ಇಲ್ಲ ಅಂದಮೇಲೆ ಭಯ ಯಾಕೆ ಅಂತ ನಮ್ಮ ಹುಡುಗರೂ ಕೇಳುತ್ತಾರಲ್ವಾ, ಅವರಿಗೂ ಇದು ಬೇಕು.

ಮೊದಲು ಕಾನೂನು ನೋಡೋಣ. ಕರ್ನಾಟಕದಲ್ಲಿ ಇ-ಸಿಗರೇಟಿಗೆ 2016ರಲ್ಲೇ ನಿಷೇಧ ಬಂತು, ಇಡೀ ದೇಶಕ್ಕೆ 2019ರಲ್ಲಿ. ಆ ಕಾಯ್ದೆಯ ವ್ಯಾಖ್ಯೆಯಲ್ಲೇ ‘ನಿಕೋಟಿನ್ ಇರಲಿ, ಇಲ್ಲದಿರಲಿ’ ಎಂಬ ಅರ್ಥದ ಮಾತಿದೆ. ಬಿಸಿ ಮಾಡಿ ಆವಿ ಎಳೆಯುವ ಎಲೆಕ್ಟ್ರಾನಿಕ್ ಸಾಧನ ಅಂದರೆ ಮುಗಿಯಿತು. ತಯಾರಿಕೆ, ಆಮದು, ಮಾರಾಟಕ್ಕೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಕೆಳಗಿನ ಕಲಸುವ ಕತೆ ಇಂಗ್ಲೆಂಡಿನದು. ತಿಳಿದುಕೊಳ್ಳಲಿಕ್ಕೆ ಓದಿ, ಬೆಳಗಾವಿಯಲ್ಲಿ ಮಾಡಲಿಕ್ಕಲ್ಲ.

ಬಾಟಲಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ಎರಡೇ ದ್ರವ. ಒಂದು ಪ್ರೊಪಿಲೀನ್ ಗ್ಲೈಕಾಲ್, ಅವರ ಬಾಯಲ್ಲಿ ಪಿಜಿ. ತೆಳ್ಳಗಿರುತ್ತದೆ, ಫ್ಲೇವರ್ ಹೊತ್ತು ತರುತ್ತದೆ, ಗಂಟಲಿಗೆ ಸ್ವಲ್ಪ ಚುರುಕು ಕೊಡುತ್ತದೆ. ಇನ್ನೊಂದು ವಿಜಿ, ಅಂದರೆ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತೇವಲ್ಲ, ಅದೇ ಗ್ಲಿಸರಿನ್. ಮಂದ, ತುಸು ಸಿಹಿ. ದಟ್ಟ ಹೊಗೆಯ ಮೋಡ ಏಳುವುದು ಇದರಿಂದ. ಎರಡಕ್ಕೂ ನೀರು ಹೀರುವ ಗುಣ, ಅದಕ್ಕೇ ಎಳೆದವರ ಬಾಯಿ ಒಣಗುತ್ತದೆ.

ಅದೇ ಗ್ಲಿಸರಿನ್ ಅಂದೆ, ಆದರೆ ದರ್ಜೆ ಒಂದೇ ಅಲ್ಲ. ಕಲಸುವವರು ಔಷಧ ದರ್ಜೆಯದನ್ನೇ ಕೇಳಿ ತರುತ್ತಾರೆ. ಯಾಕೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕೊಟ್ಟು 14 ರೋಗಿಗಳು ಸತ್ತರು. ಬಣ್ಣ, ರುಚಿ ನೋಡಿ ಗುರುತು ಹಿಡಿಯಲಿಕ್ಕೆ ಆಗುವ ವಿಷವಲ್ಲ ಅದು.

ಇನ್ನು ಲೆಕ್ಕ. ಹುಡುಗ ಕಲಸುತ್ತಿದ್ದದ್ದು 30 ಮಿಲಿ. ವಿಜಿ ನೂರಕ್ಕೆ 70, ಪಿಜಿ 30, ಒಟ್ಟಿನಲ್ಲಿ ಫ್ಲೇವರ್ 10. ವಿಜಿ 21 ಮಿಲಿ ಆಯಿತು. ಪಿಜಿ 9 ಅನ್ನುತ್ತೀರಿ, ಇಲ್ಲೇ ಹೊಸಬರು ತಪ್ಪುವುದು. ಫ್ಲೇವರ್ ಸಾಮಾನ್ಯವಾಗಿ ಪಿಜಿಯಲ್ಲೇ ಕರಗಿರುತ್ತದೆ, ಆ 3 ಮಿಲಿ ಕಳೆದು ಪಿಜಿ 6 ಮಿಲಿ ಮಾತ್ರ ಹಾಕಬೇಕು. ಅಳೆಯುವುದು ತಕ್ಕಡಿಯಲ್ಲಿ. ವಿಜಿ ಒಂದು ಮಿಲಿಗೆ 1.26 ಗ್ರಾಂ ತೂಗುತ್ತದೆ, ಅಂದರೆ 26.46 ಗ್ರಾಂ. ಪಿಜಿ ನೀರಿಗಿಂತ ಒಂಚೂರು ಭಾರ, 6 ಮಿಲಿಗೆ ಸುಮಾರು 6.2 ಗ್ರಾಂ. ಬಾಟಲಿಯನ್ನು ತಕ್ಕಡಿ ಮೇಲಿಟ್ಟು, ಅಂಕಿ ಸೊನ್ನೆಗೆ ತಂದು, ಉಸಿರು ಬಿಗಿಹಿಡಿದು ಹನಿ ಹನಿಯಾಗಿ ಸುರಿದ. ನಮ್ಮ ಅತ್ತಿಗೆ ಕುಂದಾಕ್ಕೆ ಸಕ್ಕರೆ ಹಾಕುವಾಗಲೂ ಇಷ್ಟು ಜೋಪಾನ ಮಾಡಿದ್ದು ನೋಡಿಲ್ಲ.

ಆಮೇಲೆ ಜೋರಾಗಿ ಕುಲುಕಿ, ಹೆಸರು, ತಾರೀಖು ಬರೆದು, ಕತ್ತಲ ಕಪಾಟಿನಲ್ಲಿಡುವುದು. ಹಣ್ಣಿನ ರುಚಿಗೆ ಎರಡು ಮೂರು ದಿನ, ಕ್ರೀಮಿನಂಥದಕ್ಕೆ ಎರಡು ವಾರದ ತನಕ. ಉಪ್ಪಿನಕಾಯಿ ಮಾಗಿದ ಹಾಗೆ ಅನ್ನಿ.

ನನಗೆ ನಿಜವಾಗಿ ಹೆದರಿಕೆಯಾದದ್ದು ಫ್ಲೇವರ್ ವಿಷಯಕ್ಕೆ. ಖಡೇಬಜಾರದ ಕಿರಾಣಿ ಅಂಗಡಿಯಲ್ಲಿ ಅನಾನಸ್ ಎಸೆನ್ಸ್ ಬಾಟಲಿ ಸಿಗುತ್ತದೆ, ಕೇಸರಿಬಾತಿಗೆ ನಾಲ್ಕು ಹನಿ ಹಾಕುತ್ತೇವೆ. ತಿನ್ನಲು ಯೋಗ್ಯ ಅನ್ನುವುದು ಹೊಟ್ಟೆಯ ಲೆಕ್ಕ, ಶ್ವಾಸಕೋಶದ್ದಲ್ಲ. ಎಣ್ಣೆಯಲ್ಲಿ ಕರಗಿದ ಎಸೆನ್ಸ್ ಅಂತೂ ಮುಟ್ಟಲೇಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ಬೆಣ್ಣೆ, ಕಸ್ಟರ್ಡ್, ಬಟರ್‌ಸ್ಕಾಚ್ ರುಚಿಗಳಲ್ಲಿ ಡೈಅಸಿಟೈಲ್ ಇರಬಹುದು. ತಿಂದರೆ ಏನೂ ಆಗದ ವಸ್ತು ಅದು. ಆದರೆ ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರು ಅದರ ಆವಿ ಕುಡಿದೇ ಶ್ವಾಸಕೋಶ ಕೆಡಿಸಿಕೊಂಡದ್ದು 2000ದಲ್ಲಿ ಬೆಳಕಿಗೆ ಬಂತು. ಬ್ರಿಟನ್ನಿನ 2016ರ ನಿಯಮ ನಿಕೋಟಿನ್ ಇರುವ ಲಿಕ್ವಿಡ್‌ಗೆ ಮಾತ್ರ, ಸೊನ್ನೆ ಬಾಟಲಿ ಅದರ ಹೊರಗೆ ಉಳಿಯಿತು. ನಿಕೋಟಿನ್ ಇಲ್ಲ ಅನ್ನುವ ಕಾರಣಕ್ಕೇ ಕಾವಲು ಕಡಿಮೆ, ಎಂಥ ತಮಾಷೆ ನೋಡಿ!

2019ರಲ್ಲಿ ಅಮೆರಿಕದಲ್ಲಿ ಎದ್ದ ಶ್ವಾಸಕೋಶದ ಕಾಯಿಲೆಯೂ ಇಂಥದೇ ಪಾಠ. 2020ರ ಫೆಬ್ರುವರಿ ಹೊತ್ತಿಗೆ 2,800ಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದ್ದರು, 68 ಮಂದಿ ಸತ್ತಿದ್ದರು. ಮುಖ್ಯ ಅಪರಾಧಿ ನಿಕೋಟಿನ್ ಅಲ್ಲ. ಗಾಂಜಾ ಅಂಶದ ಲಿಕ್ವಿಡ್ ಮಂದವಾಗಲಿ ಅಂತ ಬೆರೆಸಿದ ವಿಟಮಿನ್ ಇ ಅಸಿಟೇಟ್.

ಎಳೆಯುವಾಗಲೂ ಒಂದು ಗಮನ. ಲಿಕ್ವಿಡ್ ಮುಗಿದು, ಅದನ್ನು ಹೀರಿಕೊಳ್ಳುವ ಒಳಗಿನ ಹತ್ತಿ ಒಣಗಿದ ಮೇಲೂ ಕಾಯಿಲ್, ಅಂದರೆ ಬಿಸಿಯಾಗುವ ತಂತಿಸುರುಳಿ, ಕಾಯುತ್ತಿದ್ದರೆ ಸುಟ್ಟ ವಾಸನೆ ಬರುತ್ತದೆ. ಆಗ ಗ್ಲಿಸರಿನ್ ಒಡೆದು ಅಕ್ರೋಲೀನ್, ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ಆ ವಾಸನೆ ಬಂದ ಕ್ಷಣ ಕೆಳಗಿಡಬೇಕು. ಕೆಮ್ಮು, ಎದೆ ಬಿಗಿತ, ದಮ್ಮು ಕಾಣಿಸಿದರೆ ಡಾಕ್ಟರ ಹತ್ತಿರ ಹೋಗಿ ಮುಚ್ಚಿಡದೆ ಹೇಳಬೇಕು.

ಬೀಡಿ, ಗುಟ್ಖಾ ಬಿಡಲಿಕ್ಕೆ ಇದು ದಾರಿಯೇ ಅಂತ ನಿಪ್ಪಾಣಿ ಕಡೆಯ ಗೆಳೆಯ ಕೇಳಿದ. ಬೀಡಿ ತಂಬಾಕಿನ ಊರಿನವನು, ಕೇಳಲಿಕ್ಕೆ ಹಕ್ಕಿದೆ. ಮೈ ಬೇಡುವುದು ನಿಕೋಟಿನ್. ಸೊನ್ನೆ ಬಾಟಲಿ ಕೈಗೆ ಕೆಲಸ ಕೊಡುತ್ತದೆ, ಬಯಕೆಗೆ ಏನೂ ಕೊಡುವುದಿಲ್ಲ. ಅದಕ್ಕಿಂತ ಔಷಧ ಅಂಗಡಿಯ 2 ಮಿಲಿಗ್ರಾಂ ನಿಕೋಟಿನ್ ಗಮ್ ಮೇಲು. ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬೇಡಿ. ನಿಧಾನ ಅಗಿದು, ಚುರುಚುರು ಅಂದಾಗ ಕೆನ್ನೆಯ ಪಕ್ಕಕ್ಕೆ ಒತ್ತಿಡಿ. ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಜೊತೆಗೆ ಚಹಾ, ಕಾಫಿ ಬೇಡ. ತಂಬಾಕು ಬಿಡಲು ಮಾತಿನ ಸಹಾಯ ಬೇಕಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-112-356 ಇದೆ.

ಸಂಕ್ರಾಂತಿಗೆ ಬರುವಾಗ ಆ ಪೆನ್ನಿನಂಥ ವೇಪ್ ಸಾಧನ ಬ್ಯಾಗಿನಲ್ಲಿ ಹಾಕಿಕೊಳ್ಳಲೇ ಅಂತ ಹುಡುಗ ಕೇಳಿದ್ದ. ಆಮದು ಅಂದರೆ ಅದೂ ಸೇರಿತು, ಅಲ್ಲೇ ಬಿಟ್ಟು ಬಾ ಅಂದೆ. ತಕ್ಕಡಿ ಮಾತ್ರ ತಾ ಅಂತ ಅತ್ತಿಗೆ ಹಿಂದಿನಿಂದ ಕೂಗಿದರು, ಏಲಕ್ಕಿ ತೂಗಲಿಕ್ಕೆ.